ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಬೇಜಾರು: ಅದನ್ನು ಏನು ಮಾಡಬೇಕು?

ವಾರವಿಡೀ ಭಾನುವಾರಕ್ಕೆ ಕಾಯುತ್ತೇವೆ. ಭಾನುವಾರ ಬರುತ್ತದೆ. ತಡವಾಗಿ ಎದ್ದು, ದೋಸೆ ತಿಂದು, ಪೇಪರ್ ಓದಿ, ಊಟ ಮುಗಿಸಿ, ಒಂದು ಸಣ್ಣ ನಿದ್ದೆ ತೆಗೆದು ಏಳುವಷ್ಟರಲ್ಲಿ ಮೂರು ಗಂಟೆ. ಅಲ್ಲಿಂದ ಶುರು. ಟೀವಿ ಹಾಕುತ್ತೇವೆ, ಆರಿಸುತ್ತೇವೆ. ಫ್ರಿಜ್ ಬಾಗಿಲು ತೆಗೆದು ನೋಡಿ ಮುಚ್ಚುತ್ತೇವೆ. ಐದು ನಿಮಿಷ ಬಿಟ್ಟು ಮತ್ತೆ ತೆಗೆಯುತ್ತೇವೆ, ಅಷ್ಟರಲ್ಲಿ ಒಳಗೆ ಏನೋ ಹೊಸದು ಹುಟ್ಟಿರುತ್ತದೆ ಅನ್ನೋ ಹಾಗೆ.

ನನ್ನ ಕಥೆ ಇನ್ನೂ ಚೆಂದ. ಹೋದ ತಿಂಗಳು ಒಂದು ಭಾನುವಾರ ಸಿನಿಮಾ ನೋಡೋಣ ಅಂತ ರಿಮೋಟ್ ಹಿಡಿದು ಕೂತೆ. ಮುಕ್ಕಾಲು ಗಂಟೆ ಟ್ರೇಲರ್‌ಗಳನ್ನೇ ನೋಡಿದೆ. ಇದು ಬೇಡ, ಅದು ಜಾಸ್ತಿ ಉದ್ದ, ಇನ್ನೊಂದು ಆಮೇಲೆ ನೋಡಿದರಾಯಿತು. ಕೊನೆಗೆ ಒಂದೂ ನೋಡಲಿಲ್ಲ. ಸಂಜೆ ಕಾಫಿ ಕುಡಿಯುವಾಗ ತಲೆ ಭಾರ, ಮನಸ್ಸಿಗೆ ಕಿರಿಕಿರಿ. ಸೋಮವಾರದ ಕೆಲಸವೇ ವಾಸಿ ಅನ್ನಿಸಿಬಿಟ್ಟಿತು!

ಇದು ಮೊಬೈಲ್ ಕಾಲದಲ್ಲಿ ಹುಟ್ಟಿದ ಕಾಯಿಲೆ ಏನಲ್ಲ. ಹಂಗೇರಿಯ ಮನೋವಿಶ್ಲೇಷಕ ಸಾಂಡೋರ್ ಫೆರೆಂಜಿ 1919ರಲ್ಲೇ ಭಾನುವಾರದ ನರರೋಗದ ಬಗ್ಗೆ ಒಂದು ಲೇಖನ ಬರೆದಿದ್ದರು. ವಾರವಿಡೀ ಚೆನ್ನಾಗಿದ್ದು, ರಜೆ ಬಂತು ಅಂದರೆ ತಲೆನೋವು, ಹೊಟ್ಟೆ ಕೆಡೋದು ಅಂತ ಬರುತ್ತಿದ್ದ ರೋಗಿಗಳನ್ನು ಅವರು ಕಂಡಿದ್ದರು.

ಬಿಡುವಿನಲ್ಲಿ ಬರುವ ಬೇಜಾರು ವಿಚಿತ್ರ. ಆಫೀಸ್ ಮೀಟಿಂಗ್‌ನಲ್ಲಿ ಬೇಜಾರಾದರೆ ಬೈಯೋಕೆ ಮೀಟಿಂಗ್ ಇದೆ. ಇಲ್ಲಿ ಯಾರನ್ನು ಬೈಯೋದು? ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಈಸ್ಟ್‌ವುಡ್ ಮತ್ತು ಜೊತೆಗಾರರು 2012ರಲ್ಲಿ ಬೇಜಾರನ್ನು ಹೀಗೆ ವಿವರಿಸಿದರು: ಯಾವುದರಲ್ಲಾದರೂ ಮನಸ್ಸು ತೊಡಗಬೇಕು ಅನ್ನೋ ಆಸೆ ಇದೆ, ಆದರೆ ತೊಡಗುತ್ತಿಲ್ಲ, ಆ ಚಡಪಡಿಕೆಯೇ ಬೇಜಾರು. ಇದು ಸೋಮಾರಿತನ ಅಲ್ಲ. ಸೋಮಾರಿಗೆ ಏನೂ ಮಾಡೋದು ಬೇಡ, ಹಾಯಾಗಿರುತ್ತಾನೆ. ಬೇಜಾರಾದವನಿಗೆ ಮಾಡಬೇಕು, ಕೈ ಹತ್ತುತ್ತಿಲ್ಲ.

ಹಾಗಾಗಿ ಮಾಡೋಕೆ ಇನ್ನೂ ಹತ್ತು ವಿಷಯ ತಂದು ಮುಂದೆ ಸುರಿದರೆ ಪ್ರಯೋಜನ ಇಲ್ಲ. ಅವು ಈಗಾಗಲೇ ಕೈಯಲ್ಲೇ ಇವೆ. ಮನಸ್ಸಿಗೆ ಒಂದು ಹಿಡಿ ಸಿಗಬೇಕು. ನನಗೆ ಕೆಲಸಕ್ಕೆ ಬಂದ ಹೆಜ್ಜೆಗಳನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಇದು ಯಾವ ಬೇಜಾರು ಅಂತ ನೋಡಿ

ಕನ್ನಡದಲ್ಲಿ ಒಂದು ತಮಾಷೆ ಇದೆ. "ಮನೇಲಿ ಕೂತು ಕೂತು ಬೇಜಾರು" ಅಂತೀವಿ. "ನಾನು ಹಂಗಂದಿದ್ದಕ್ಕೆ ಬೇಜಾರಾಯ್ತಾ?" ಅಂತಲೂ ಕೇಳ್ತೀವಿ. ಹೊತ್ತು ಹೋಗದಿರೋದಕ್ಕೂ ಮನಸ್ಸು ನೊಂದಿದ್ದಕ್ಕೂ ಒಂದೇ ಮಾತು. ದಿನವಿಡೀ ದುಡಿದು ಬಂದವರೂ "ಬೇಜಾರಾಗಿದೆ, ಬಿಡಿ" ಅಂತಾರೆ, ಅಲ್ಲಿ ಅದು ಬರೀ ದಣಿವು. ಹುಡುಗರು 'ಬೋರು' ಅನ್ನೋ ಪದವನ್ನು ಎರವಲು ತಂದಿದ್ದು ಬಹುಶಃ ಈ ಗೊಂದಲ ತಪ್ಪಿಸೋಕೇ ಇರಬೇಕು ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತೆ.

ಗುರುತಿಸೋಕೆ ಒಂದು ಸುಲಭದ ದಾರಿ. ಈಗಲೇ ಬಾಗಿಲು ಬಡಿದು ನಿಮ್ಮ ಹಳೇ ಗೆಳೆಯ "ಬಾರೋ, ನಂದಿಬೆಟ್ಟಕ್ಕೆ ಹೋಗೋಣ" ಅಂದ ಅಂದುಕೊಳ್ಳಿ. ಚಪ್ಪಲಿ ಹುಡುಕೋಕೆ ಶುರು ಮಾಡಿದರೆ ಅದು ಬೋರು. "ಅಯ್ಯೋ ಬೇಡಪ್ಪ, ಆಗಲ್ಲ" ಅನ್ನಿಸಿದರೆ ದಣಿವು. ಅದಕ್ಕೆ ಈ ಲೇಖನ ಬೇಡ, ಹೋಗಿ ಮಲಗಿ. ಗೆಳೆಯನ ಮಾತು ಕಿವಿಗೇ ಬೀಳದೆ, ಮೊನ್ನೆ ಅತ್ತಿಗೆ ಆಡಿದ ಮಾತೇ ತಲೆಯಲ್ಲಿ ಸುತ್ತುತ್ತಿದ್ದರೆ ಅದು ನೋವು. ಅದಕ್ಕೆ ಒಂದು ಫೋನ್ ಮಾಡಬೇಕು, ಅಥವಾ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು.

ಇನ್ನೊಂದಿದೆ. ಎರಡು ವಾರ ಆದರೂ ಹೋಗದ ಬೇಜಾರು. ಮೊದಲು ಇಷ್ಟಪಡುತ್ತಿದ್ದ ಯಾವುದೂ ರುಚಿಸುತ್ತಿಲ್ಲ, ನಿದ್ದೆ ಊಟ ಏರುಪೇರಾಗಿದೆ, ಬದುಕೇ ಸಾಕು ಅನ್ನಿಸುತ್ತಿದೆ. ಇದನ್ನು ಬೋರು ಅಂತ ತಳ್ಳಿಹಾಕಬೇಡಿ. ಡಾಕ್ಟರ ಹತ್ತಿರ ಮಾತಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮದು ಚಪ್ಪಲಿ ಹುಡುಕೋ ಥರದ ಬೇಜಾರು ಅಂತಾದರೆ ಮುಂದೆ ಓದಿ.

2. ಹತ್ತು ನಿಮಿಷ ಫೋನ್ ಬೇರೆ ಕೋಣೆಯಲ್ಲಿರಲಿ

ಬೋರು ಅಂದ ತಕ್ಷಣ ಹೆಬ್ಬೆರಳು ರೀಲ್ಸ್ ಕಡೆ ಹೋಗುತ್ತೆ. ಟೊರೊಂಟೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2024ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಒಂದು ಸಲ ಹತ್ತು ನಿಮಿಷದ ಒಂದೇ ವಿಡಿಯೋ, ಮುಂದಕ್ಕೆ ಓಡಿಸೋ ಹಾಗಿಲ್ಲ. ಇನ್ನೊಂದು ಸಲ ಅದೇ ಹತ್ತು ನಿಮಿಷದಲ್ಲಿ ಐದೈದು ನಿಮಿಷದ ಏಳು ವಿಡಿಯೋಗಳ ನಡುವೆ ಬೇಕಾದ ಹಾಗೆ ಹಾರಬಹುದು. ಹಾರುವ ಅವಕಾಶ ಇದ್ದಾಗ ಬೋರು ಕಡಿಮೆ ಆಗುತ್ತೆ ಅಂತ ಜನ ಮೊದಲೇ ಅಂದುಕೊಂಡಿದ್ದರು. ಆಗಿದ್ದು ಉಲ್ಟಾ. ಹಾರಿದಷ್ಟೂ ಬೋರು ಜಾಸ್ತಿಯಾಯಿತು, ನೋಡಿದ್ದು ರುಚಿಸಲೂ ಇಲ್ಲ.

ಯಾಕೆ ಅಂತ ಊಹಿಸೋದು ಕಷ್ಟವಲ್ಲ. ಯಾವ ಕಥೆಯಾದರೂ ಹಿಡಿತಕ್ಕೆ ಸಿಗೋಕೆ ಒಂದೆರಡು ನಿಮಿಷ ಬೇಕು. ನಾವು ಅಷ್ಟರಲ್ಲೇ ಎದ್ದು ಪಕ್ಕದ ಪಂಕ್ತಿಗೆ ಹೋಗಿ ಕೂರುತ್ತೇವೆ. ಎಲ್ಲ ಪಂಕ್ತಿಯಲ್ಲೂ ಉಪ್ಪು, ಉಪ್ಪಿನಕಾಯಿ ಬಡಿಸೋವರೆಗೆ ಮಾತ್ರ ಇರ್ತೀವಿ. ಅನ್ನ ಬರೋದನ್ನು ನೋಡೋದೇ ಇಲ್ಲ.

ಹಾಗಂತ ಸುಮ್ನೆ ಕೂರೋದು ಸುಲಭ ಅಂತ ನಾನು ಹೇಳಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೋತಿ ವಿಲ್ಸನ್ ತಂಡ 2014ರಲ್ಲಿ ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಒಬ್ಬೊಬ್ಬರನ್ನೇ ಕೂರಿಸಿತು. ಫೋನಿಲ್ಲ, ಪುಸ್ತಕವಿಲ್ಲ. ಒಂದು ಗುಂಡಿ ಮಾತ್ರ ಇತ್ತು. ಒತ್ತಿದರೆ ಸಣ್ಣ ಕರೆಂಟ್ ಶಾಕ್. ಆ ಶಾಕ್ ಹೇಗಿರುತ್ತೆ ಅಂತ ಮೊದಲೇ ತೋರಿಸಿದ್ದರು. ಇದು ಬೇಡ, ತಪ್ಪಿಸಿಕೊಳ್ಳೋಕೆ ದುಡ್ಡು ಬೇಕಾದರೂ ಕೊಡ್ತೀವಿ ಅಂತ ಅವರೇ ಹೇಳಿದ್ದರು. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಸುಮ್ನೆ ಕೂರಲಾರದೆ ತಮಗೆ ತಾವೇ ಶಾಕ್ ಕೊಟ್ಟುಕೊಂಡರು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಅಂತ ಗಾದೆ ಕಟ್ಟಿದ ನಮ್ಮ ಹಿರಿಯರಿಗೆ ಇದು ಲ್ಯಾಬ್ ಇಲ್ಲದೆಯೇ ಗೊತ್ತಿತ್ತು. ಈ ಬಡಗಿಗಳು ತಮ್ಮದನ್ನೇ ಕೆತ್ತಿಕೊಂಡರು, ಅಷ್ಟೇ ವ್ಯತ್ಯಾಸ.

ಅದಕ್ಕೇ ಹತ್ತೇ ನಿಮಿಷ ಅಂದಿದ್ದು. ಫೋನನ್ನು ಬೇರೆ ಕೋಣೆಯಲ್ಲಿ, ಚಾರ್ಜಿಗೆ ಹಾಕಿ ಬನ್ನಿ. ಜೇಬಿನಲ್ಲಿಟ್ಟುಕೊಂಡು ನೋಡಲ್ಲ ಅನ್ನೋ ಶಪಥ ನಡೆಯಲ್ಲ. ಕಿಟಕಿ ಹತ್ತಿರವೋ ಜಗಲಿ ಮೇಲೋ ಕೂತುಕೊಳ್ಳಿ. ನನಗೆ ಆಗೋದು ಹೀಗೆ. ಎರಡನೇ ನಿಮಿಷಕ್ಕೆ ಕೈ ತಾನೇ ಜೇಬು ತಡಕುತ್ತೆ. ನಾಲ್ಕನೇ ನಿಮಿಷಕ್ಕೆ ಸೋಮವಾರದ ಕೆಲಸ ನೆನಪಾಗಿ ಹೊಟ್ಟೆ ಚುರುಕ್ ಅನ್ನುತ್ತೆ. ಇಲ್ಲಿ ಏಳಬೇಡಿ. ಆಮೇಲೆ ಎದುರು ಮನೆ ಕುಕ್ಕರ್ ಸೀಟಿ ಕೇಳುತ್ತೆ, ತೆಂಗಿನ ಗರಿ ಮೇಲೆ ಕೂತ ಕಾಗೆ ಕಾಣುತ್ತೆ. ಎಂಟನೇ ನಿಮಿಷದ ಹೊತ್ತಿಗೆ ಎಲ್ಲಿಂದಲೋ ಒಂದು ಪುಟ್ಟ ವಿಚಾರ ಬರುತ್ತೆ. ಆ ಸೈಕಲ್ ಚೈನಿಗೆ ಎಣ್ಣೆ ಬಿಡಬೇಕಿತ್ತಲ್ಲ. ದೊಡ್ಡಮ್ಮನಿಗೆ ಫೋನ್ ಮಾಡಿ ಎಷ್ಟು ದಿನ ಆಯ್ತು. ಅದನ್ನು ಹಿಡಿದುಕೊಂಡು ಏಳಿ. ಏನೂ ಬರಲಿಲ್ಲವಾ? ಸರಿ, ಹತ್ತು ನಿಮಿಷ ಕಣ್ಣಿಗೆ ವಿಶ್ರಾಂತಿ ಸಿಕ್ಕಿತು.

ಸಿನಿಮಾನೇ ನೋಡಬೇಕು ಅಂತಿದ್ದರೆ ಖಂಡಿತ ನೋಡಿ. ಯಾವುದು ಅಂತ ಶನಿವಾರ ರಾತ್ರಿಯೇ ಗೊತ್ತು ಮಾಡಿಕೊಳ್ಳಿ. ಹಾಕಿದ ಮೇಲೆ ಅರ್ಧ ಗಂಟೆ ಮುಟ್ಟಬೇಡಿ. ಆಮೇಲೂ ಚೆನ್ನಾಗಿಲ್ಲ ಅಂದರೆ ಆರಿಸಿ, ಇನ್ನೊಂದು ಹುಡುಕಬೇಡಿ.

3. ಸ್ವಲ್ಪ ಕಷ್ಟ ಇರೋದನ್ನು ಆರಿಸಿ

ರಜೆ ಅಂದರೆ ಕಷ್ಟವೇ ಇರಬಾರದು ಅಂತ ನಾವು ನಂಬಿಬಿಟ್ಟಿದ್ದೇವೆ. ನಾವು ತಪ್ಪೋದು ಇಲ್ಲೇ ಅನ್ನೋದು ನನ್ನ ಅಭಿಪ್ರಾಯ.

ಮನಸ್ಸು ಕೆಲಸದಲ್ಲಿ ಮುಳುಗಿ ಹೊತ್ತು ಹೋಗಿದ್ದೇ ಗೊತ್ತಾಗದ ಸ್ಥಿತಿಯ ಬಗ್ಗೆ ಬಹಳ ಕಾಲ ಅಧ್ಯಯನ ಮಾಡಿದವರು ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ. ಅವರು ಮತ್ತು ಜುಡಿತ್ ಲೆಫೆವ್ರ್ 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೌಕರಿಯಲ್ಲಿದ್ದ 78 ಜನರಿಗೆ ಒಂದು ವಾರ ಪೇಜರ್ ಕೊಟ್ಟಿದ್ದರು. ಅದು ಕೂಗಿದಾಗೆಲ್ಲ ಈಗ ಏನು ಮಾಡ್ತಿದ್ದೀರಿ, ಹೇಗನ್ನಿಸ್ತಿದೆ ಅಂತ ಬರೆಯಬೇಕು. ಆ ಮುಳುಗಿದ ಸ್ಥಿತಿ ಬಿಡುವಿಗಿಂತ ಕೆಲಸದಲ್ಲೇ ಎಷ್ಟೋ ಜಾಸ್ತಿ ಸಿಕ್ಕಿತ್ತು. ಆದರೂ ಕೆಲಸದಲ್ಲಿದ್ದಾಗ, ಇಲ್ಲಿಂದ ಎದ್ದುಹೋದರೆ ಸಾಕು ಅಂತಲೇ ಜನ ಹೇಳುತ್ತಿದ್ದರು!

ಆಫೀಸನ್ನು ಎಷ್ಟೇ ಬೈದರೂ ಅದು ಮೂರು ಸಂಗತಿಗಳನ್ನು ಪುಕ್ಕಟೆ ಕೊಡುತ್ತೆ. ಮುಂದಿನ ಕೆಲಸ ಯಾವುದು ಅಂತ ಗೊತ್ತಿರುತ್ತೆ. ಮಾಡಿದ್ದು ಸರಿಯಾಯಿತೋ ಇಲ್ಲವೋ ಬೇಗ ತಿಳಿಯುತ್ತೆ. ನಮ್ಮ ಕೈಗೆ ಸಿಕ್ಕೂ ಸಿಗದ ಹಾಗೆ ಒಂದಿಷ್ಟು ಕಷ್ಟ ಇರುತ್ತೆ. ಭಾನುವಾರ ಇವನ್ನು ಯಾರೂ ತಂದುಕೊಡಲ್ಲ, ನಾವೇ ಇಟ್ಟುಕೊಳ್ಳಬೇಕು.

ನಮ್ಮನೇಲಿ ಇದನ್ನು ಮಾಡಿದ್ದು ಚೌಕಾಬಾರ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದೈದರ 25 ಮನೆ. ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಗುಣಾಕಾರದ ಗುರುತು. ತಲಾ ನಾಲ್ಕು ಕಾಯಿ. ಒಬ್ಬರದು ಬಳೆ ಚೂರು, ಒಬ್ಬರದು ಕಡಲೆಬೇಳೆ, ನನ್ನದು ಶರ್ಟಿನ ಗುಂಡಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ ತಗೊಂಡು ಒಂದು ಪಕ್ಕ ಬೆಳ್ಳಗಾಗೋ ತನಕ ಸಿಮೆಂಟ್ ಕಟ್ಟೆಗೆ ಉಜ್ಜಿ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕರ್ರಗೆ ಬಿದ್ದರೆ ಬಾರ, ಎಂಟು ಮನೆ. ಎರಡರಲ್ಲೂ ಇನ್ನೊಂದು ಆಟ ಸಿಗುತ್ತೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗೋ ಹಾಗಿಲ್ಲ. ಈ ಒಂದು ನಿಯಮದಿಂದಲೇ ಆಟಕ್ಕೆ ಜೀವ. ಅದಿಲ್ಲದಿದ್ದರೆ ಎಲ್ಲರೂ ತಮ್ಮ ಪಾಡಿಗೆ ತಾವು ಸುತ್ತು ಹಾಕಿ ಮನೆ ಸೇರಿಬಿಡುತ್ತಿದ್ದರು. ಈಗ ಹೊಂಚು ಹಾಕಬೇಕು, ಅಡಗಬೇಕು, ತಂಗಿಯ ಕಾಯಿ ಹೊಡೆದು ಬೈಗುಳ ತಿನ್ನಬೇಕು. ಐದೂವರೆ ಆಗಿದ್ದೇ ಯಾರಿಗೂ ಗೊತ್ತಾಗಿರಲಿಲ್ಲ.

ಚೌಕಾಬಾರವೇ ಆಗಬೇಕಿಲ್ಲ. ಪದಬಂಧ, ಕೇರಂ, ಹಾರ್ಮೋನಿಯಂ, ಪಂಕ್ಚರ್ ಹಾಕೋದು ಕಲಿಯೋದು, ಏನಾದರೂ ಸರಿ. ತೀರಾ ಸುಲಭ ಅನ್ನಿಸಿದರೆ ಒಂದು ನಿಯಮ ಸೇರಿಸಿ. ತೀರಾ ಕಷ್ಟ ಅನ್ನಿಸಿದರೆ ತುಂಡು ಮಾಡಿ: ಇವತ್ತು ಹಾಡು ಪೂರ್ತಿ ಬೇಡ, ಪಲ್ಲವಿ ಮಾತ್ರ. ಹೊಸ ಹವ್ಯಾಸಕ್ಕೆ ಅಂತ ಮೊದಲೇ ಸಾಮಾನು ಕೊಳ್ಳಬೇಡಿ. ನಮ್ಮ ಬೀರು ಮೇಲೆ ಒಂದು ಗಿಟಾರ್ ಇದೆ. ಅದರ ಬಗ್ಗೆ ನಾವು ಮಾತಾಡಲ್ಲ.

4. ಶನಿವಾರ ರಾತ್ರಿಯೇ ಅರ್ಧ ಕೆಲಸ ಮಾಡಿಡಿ

ಬೇಜಾರಾದಾಗ ಏನು ಮಾಡೋಣ ಅಂತ ಯೋಚಿಸೋಕೂ ಬೇಜಾರು. ಆ ಹೊತ್ತಿನಲ್ಲಿ ತಲೆ ಏನೂ ತೀರ್ಮಾನ ಮಾಡಲ್ಲ. ಹಾಗಾಗಿ ತೀರ್ಮಾನ ಮೊದಲೇ ಆಗಿರಬೇಕು. ಇನ್ನೂ ವಾಸಿ ಅಂದರೆ, ಕೆಲಸ ಅರ್ಧ ಆಗಿ ಕಣ್ಣೆದುರಿಗೆ ಬಿದ್ದಿರಬೇಕು.

ಇದಕ್ಕೆ ನನಗೆ ಗೊತ್ತಿರೋ ಒಳ್ಳೇ ಉದಾಹರಣೆ ಅವರೆಕಾಯಿ ಕಾಲದ ಹಿತಕಿದ ಬೇಳೆ. ಬೆಂಗಳೂರು, ಮೈಸೂರು, ಕೋಲಾರದ ಕಡೆಯವರಿಗೆ ಹೇಳಬೇಕಾಗಿಲ್ಲ. ಡಿಸೆಂಬರ್, ಜನವರಿಯ ಶನಿವಾರ ಸಂಜೆ ಸೊಗಡು ಅವರೆಕಾಯಿ ಸುಲಿದು ಕಾಳನ್ನು ರಾತ್ರಿ ನೀರಿಗೆ ಹಾಕಿಟ್ಟರೆ ಮುಗೀತು, ಭಾನುವಾರ ತಪ್ಪಿಸಿಕೊಳ್ಳೋ ಹಾಗಿಲ್ಲ. ನೆನೆದ ಕಾಳು ಯಾರಿಗೂ ಕಾಯಲ್ಲ. ಊಟ ಆದ ಮೇಲೆ ಪಾತ್ರೆ ಮಧ್ಯದಲ್ಲಿ ಇಟ್ಟುಕೊಂಡು ಎಲ್ಲರೂ ಸುತ್ತ ಕೂರೋದು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಸರಿಯಾದ ತುದಿಯಲ್ಲಿ ಒತ್ತಿದರೆ ಪಿಚಕ್ ಅಂತ ಬೇಳೆ ಹೊರಗೆ. ಅಡ್ಡಾದಿಡ್ಡಿ ಒತ್ತಿದರೆ ಕಾಳು ಜಾರಿ ಸೋಫಾ ಕೆಳಗೆ. ಮೊದಲ ಐವತ್ತು ಕಾಳಿನಲ್ಲಿ ಕೈ ಕಲಿಯುತ್ತೆ. ಆಮೇಲೆ ಕೈ ತನ್ನ ಪಾಡಿಗೆ ನಡೆಯುತ್ತೆ, ಬಾಯಿ ಖಾಲಿ ಇರುತ್ತೆ. ನಮ್ಮ ಮನೆಯ ಎಷ್ಟೋ ಹಳೇ ಕಥೆಗಳು ಹೊರಬಂದಿದ್ದು ಆ ಪಾತ್ರೆ ಸುತ್ತ ಕೂತಾಗಲೇ.

ಅವರೆಕಾಯಿ ಇಲ್ಲದ ಕಾಲಕ್ಕೂ ಇದೇ ಉಪಾಯ. ಓದುತ್ತಿರೋ ಪುಸ್ತಕವನ್ನು ಅಧ್ಯಾಯ ಮುಗಿದಲ್ಲಿ ನಿಲ್ಲಿಸಬೇಡಿ, ಕುತೂಹಲ ಇರೋ ಪುಟದಲ್ಲಿ ನಿಲ್ಲಿಸಿ ದಿಂಬಿನ ಮೇಲೆ ಇಟ್ಟುಬಿಡಿ. ಸೈಕಲ್ಲನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ. ಹಳೇ ಫೋಟೋಗಳ ಡಬ್ಬ ಅಟ್ಟದಿಂದ ಇಳಿಸಿ ಊಟದ ಮೇಜಿನ ಮೇಲಿಡಿ.

5. ಟೈಮ್‌ಟೇಬಲ್ ಹಾಕಬೇಡಿ

ಮೊದಲೇ ತೀರ್ಮಾನಿಸಿ ಅಂದೆ, ನಿಜ. ಆದರೆ ಮೂರೂಕಾಲಿನಿಂದ ನಾಲ್ಕರವರೆಗೆ ಓದು, ನಾಲ್ಕರಿಂದ ವಾಕಿಂಗ್ ಅಂತ ಬರೆದಿಟ್ಟರೆ ರಜೆಯೂ ಡ್ಯೂಟಿ ಆಗುತ್ತೆ. ಅಮೆರಿಕದ ಸಂಶೋಧಕರಾದ ಗ್ಯಾಬ್ರಿಯೆಲಾ ಟೋನಿಯೆಟ್ಟೊ ಮತ್ತು ಸೆಲಿನ್ ಮಲ್ಕೋಚ್ 2016ರಲ್ಲಿ ಇದನ್ನೇ ತೋರಿಸಿದರು. ಬಿಡುವಿನ ಖುಷಿಗೆ ಗಡಿಯಾರದ ಗಂಟೆ ಕಟ್ಟಿದರೆ ಅದೂ ಕೆಲಸದ ಹಾಗೇ ಅನ್ನಿಸುತ್ತೆ, ಖುಷಿ ಕಡಿಮೆಯಾಗುತ್ತೆ. ಆದರೆ ಹೆಚ್ಚೂಕಡಿಮೆ ಇಂಥ ಹೊತ್ತಿಗೆ ಅಂತ ಸಡಿಲವಾಗಿ ಇಟ್ಟುಕೊಂಡರೆ ಆ ತೊಂದರೆ ಇಲ್ಲ.

ಸಡಿಲವಾದ ಹೊತ್ತಿಗೆ ನಮ್ಮ ಮಾತಿನಲ್ಲಿ ಬರಗಾಲವೇ ಇಲ್ಲ. ಊಟ ಆದ ಮೇಲೆ, ಬಿಸಿಲು ಇಳಿದ ಮೇಲೆ, ಹಾಲಿನವನು ಬರೋ ಹೊತ್ತಿಗೆ, ದೀಪ ಹಚ್ಚೋ ಹೊತ್ತಿಗೆ. ಅಷ್ಟು ಸಾಕು.

6. "ಸುಮ್ನೆ ಕೂತಿದ್ದೀಯಲ್ಲ" ಅನ್ನೋ ದನಿಯನ್ನು ಕಡಿಮೆ ಮಾಡಿ

ಕೆಲವರಿಗೆ ಬೇಜಾರಿನ ಒಳಗೆ ಅಳುಕು ಅಡಗಿರುತ್ತೆ. ಬಿಡುವು ಅಂದರೆ ದಂಡ ಅಂತ ನಂಬಿದವರಿಗೆ ಬಿಡುವಿನಲ್ಲಿ ಮಾಡಿದ್ದೂ ರುಚಿಸಲ್ಲ. ಹೆಂಗಸರ ವಿಷಯದಲ್ಲಿ ಇದು ಇನ್ನೂ ಜಟಿಲ. ದೇಶದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. "ನಮ್ಮಮ್ಮನಿಗೆ ಬೋರೇ ಆಗಲ್ಲ" ಅಂತ ಹೆಮ್ಮೆಯಿಂದ ಹೇಳೋ ಮಗ ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಅವರಿಗೆ ಸಿಗೋದು ಚೂರುಪಾರು ಬಿಡುವು. ಹಾಲು ಉಕ್ಕೋ ತನಕ ಐದು ನಿಮಿಷ, ಕುಕ್ಕರ್ ಕೂಗೋ ತನಕ ಹತ್ತು. ಅದರಲ್ಲಿ ಮನಸ್ಸು ಯಾವುದರಲ್ಲಿ ಮುಳುಗೀತು? ಅಂಥವರಿಗೆ ಮೇಲಿನ ಯಾವ ಹೆಜ್ಜೆಯೂ ಉಪಯೋಗಕ್ಕೆ ಬರಲ್ಲ. ಮನೆಯಲ್ಲಿ ಉಳಿದವರು ಎದ್ದು ಸಂಜೆಯ ಕಾಫಿ, ಪಾತ್ರೆ ಎರಡನ್ನೂ ವಹಿಸಿಕೊಂಡು, ಒಟ್ಟಿಗೆ ಎರಡು ಗಂಟೆ ಬಿಡಿಸಿಕೊಡಬೇಕು.

7. ಬಿಡುವೇ ಜಾಸ್ತಿಯಾದವರಿಗೆ

ರಿಟೈರ್ ಆದವರ ಬೇಜಾರು ಬೇರೆ ಥರದ್ದು. ಅವರಿಗೆ ಎಲ್ಲ ದಿನವೂ ಭಾನುವಾರ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ದಿನಕ್ಕೆ ಸುಮಾರು ಎರಡು ಗಂಟೆಯವರೆಗೆ ಬಿಡುವು ಹೆಚ್ಚಿದಂತೆ ಜನರ ನೆಮ್ಮದಿಯೂ ಹೆಚ್ಚಿತ್ತು. ಐದು ಗಂಟೆ ದಾಟಿದ ಮೇಲೆ ಇಳಿಯತೊಡಗಿತ್ತು. ಅದೇ ಸಂಶೋಧಕರ ಮುಂದಿನ ಪ್ರಯೋಗಗಳಲ್ಲಿ, ಜಾಸ್ತಿ ಬಿಡುವನ್ನು ಏನಾದರೂ ಉಪಯೋಗದ ಕೆಲಸಕ್ಕೆ ಬಳಸಿದಾಗ ಆ ಇಳಿತ ಅಷ್ಟಾಗಿ ಕಾಣಲಿಲ್ಲ.

ನಮ್ಮ ಬೀದಿಯ ಒಬ್ಬ ಹಿರಿಯರು ಮಗಳ ಬಾಣಂತನಕ್ಕೆ ಅಂತ ಹೆಂಡತಿ ಜೊತೆ ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದರು. "ಅವಳಿಗೆ ಮಗು, ಎಣ್ಣೆನೀರು, ಅಡುಗೆ. ನನಗೆ ಗೋಡೆ" ಅಂದರು. ಕಾರಿಲ್ಲದೆ ಎಲ್ಲಿಗೂ ಹೋಗೋ ಹಾಗಿಲ್ಲ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಮೊದಲ ತಿಂಗಳು ಕನ್ನಡ ನ್ಯೂಸ್ ಚಾನೆಲ್ ನೋಡಿ ನೋಡಿ ಬಿಪಿ ಏರಿಸಿಕೊಂಡರಂತೆ. ಆಮೇಲೆ ಮಗಳೇ ಮೂರು ಕೆಲಸ ಒಪ್ಪಿಸಿದಳು. ಕಸದ ಗಾಡಿ ಬರೋ ದಿನ ಡಬ್ಬಿಗಳನ್ನು ರಸ್ತೆ ಬದಿಗೆ ಇಡೋದು. ದಿನಾ ಲೈಬ್ರರಿವರೆಗೆ ನಡೆದು ಹೋಗಿ ಬರೋದು. ದೊಡ್ಡ ಮೊಮ್ಮಗನಿಗೆ ಅ ಆ ಇ ಈ ತಿದ್ದಿಸೋದು. ಮೂರನೆಯದೇ ಕಷ್ಟದ್ದು. ಆ ಹುಡುಗನಿಗೆ ಳ ಬರುತ್ತಿರಲಿಲ್ಲ. ಬಾಳೆಹಣ್ಣನ್ನು ಬಾಲೆಹಣ್ಣು ಅಂತಿದ್ದ. ಅದೊಂದನ್ನು ತಿದ್ದೋಕೆ ಎರಡು ತಿಂಗಳು ಹಿಡಿಯಿತಂತೆ. ಹೇಳುವಾಗ ಅವರ ಮುಖ ನೋಡಬೇಕಿತ್ತು.

ನಿಮ್ಮ ಮನೆಯಲ್ಲಿ ರಿಟೈರ್ ಆದ ಅಪ್ಪ ಇದ್ದರೆ "ಆರಾಮಾಗಿರಿ ಅಪ್ಪ, ನೀವೇನೂ ಮಾಡಬೇಡಿ" ಅನ್ನಬೇಡಿ. ಅವರು ಮಾಡದಿದ್ದರೆ ನಿಂತುಹೋಗುವ ಒಂದು ಕೆಲಸ ಅವರ ಪಾಲಿಗೆ ಇರಲಿ.

8. "ಅಮ್ಮಾ, ಬೋರು!"

ಬೇಸಿಗೆ ರಜೆಯಲ್ಲಿ ಮಕ್ಕಳು ದಿನಕ್ಕೆ ಹತ್ತು ಸಲ ಇದನ್ನು ಹೇಳುತ್ತಾರೆ. "ಹೌದಾ? ಸರಿ" ಅಂದು ನಿಮ್ಮ ಕೆಲಸ ಮುಂದುವರಿಸಿ. ಫೋನ್ ಕೊಡಬೇಡಿ, ಸಮ್ಮರ್ ಕ್ಯಾಂಪಿನ ಫಾರ್ಮು ಹುಡುಕೋಕೂ ಓಡಬೇಡಿ. ಅರ್ಧ ಗಂಟೆ ಗೊಣಗುತ್ತಾರೆ, ಕಾಲಿಗೆ ಅಡ್ಡ ಬರುತ್ತಾರೆ, ತಡೆದುಕೊಳ್ಳಿ. ಹಗ್ಗ, ಸೀಮೆಸುಣ್ಣ, ಹಳೇ ದುಪ್ಪಟ, ರಟ್ಟು, ಗೋಂದು ಅವರ ಕೈಗೆ ಎಟುಕುವ ಹಾಗೆ ಇಟ್ಟಿದ್ದರೆ ಸಾಕು.

ನಮ್ಮನೆಗೆ ಹೊಸ ಫ್ರಿಜ್ ಬಂದಾಗ ಅದರ ರಟ್ಟಿನ ಡಬ್ಬವನ್ನು ಗುಜರಿಯವನಿಗೆ ಕೊಡೋದು ಮರೆತಿದ್ದೆವು. ಅದು ಎರಡು ವಾರ ಹಾಲ್ ಮತ್ತು ಅಡುಗೆಮನೆ ನಡುವೆ ಸಿಟಿ ಬಸ್ಸಾಗಿ ನಿಂತಿತ್ತು. ಟಿಕೆಟ್ ತಗೊಳ್ಳದೆ ಕಾಫಿ ಮಾಡೋಕೆ ಹೋಗೋ ಹಾಗಿರಲಿಲ್ಲ. ಚಿಲ್ಲರೆ ವಾಪಸ್ ಕೇಳಿದರೆ ಇಳಿಯುವಾಗ ಕೊಡ್ತೀನಿ ಅನ್ನುತ್ತಿದ್ದಳು ಕಂಡಕ್ಟರ್.